ಸ್ಮೋಕಿ ಬೆಟ್ಟಗಳ ತೊರೆಗಳಲ್ಲಿ ವಸಂತದ ಟ್ರೌಟ್: ಮೊದಲ ಸಲ ಫ್ಲೈ ಗಾಳ ಹಿಡಿಯುವವರಿಗೆ

ಅಟ್ಲಾಂಟಾ, ಶಾರ್ಲಟ್, ನಾಕ್ಸ್‌ವಿಲ್ ಕಡೆ ನೆಲೆಸಿದ ಕನ್ನಡಿಗರಿಗೆ ಗ್ರೇಟ್ ಸ್ಮೋಕಿ ಬೆಟ್ಟಗಳು ಹೊಸವಲ್ಲ. ಮೂರು ದಿನ ರಜೆ ಸಿಕ್ಕಿದರೆ ಕಾರು ಗ್ಯಾಟ್ಲಿನ್‌ಬರ್ಗ್ ಕಡೆಗೆ ತಿರುಗುತ್ತದೆ. ನ್ಯೂಫೌಂಡ್ ಗ್ಯಾಪ್‌ನಲ್ಲಿ ನಿಂತು ಫೋಟೊ ತೆಗೆಸಿಕೊಂಡು, ಕಣಿವೆಯ ಮಂಜು ನೋಡಿ ಮಡಿಕೇರಿಯನ್ನು ನೆನೆದು ಮರಳುವುದು ವಾಡಿಕೆ. ಆ ದಾರಿಯುದ್ದಕ್ಕೂ ರಸ್ತೆಯ ಮಗ್ಗುಲಲ್ಲೇ ಹರಿಯುವ ತೊರೆಗಳಲ್ಲಿ ಮೊಣಕಾಲುದ್ದ ನೀರಿಗಿಳಿದು ತೆಳ್ಳನೆಯ ಕೋಲು ಬೀಸುತ್ತಾ ನಿಂತವರನ್ನು ನೀವು ನೋಡಿರುತ್ತೀರಿ. ಅವರು ಹಿಡಿಯುತ್ತಿರುವುದು ಟ್ರೌಟ್ ಮೀನು. ಅವರ ಗಾಳದಲ್ಲಿ ಎರೆಹುಳು ಇರುವುದಿಲ್ಲ. ಗರಿ, ಪ್ರಾಣಿಯ ಕೂದಲು, ನೂಲು ಸುತ್ತಿ ಕೀಟದಂತೆ ಕಾಣುವ ಹಾಗೆ ಕಟ್ಟಿದ ಪುಟ್ಟ ಕೊಕ್ಕೆ ಇರುತ್ತದೆ. ಅದರ ಹೆಸರೇ ಫ್ಲೈ.

ನಾನು ತೀರ್ಥಹಳ್ಳಿ ಕಡೆಯ ಹಳ್ಳಗಳಲ್ಲಿ ಬಿದಿರುಕೋಲಿಗೆ ಬೆಂಡು ಕಟ್ಟಿ ಮೀನು ಹಿಡಿಯುತ್ತಾ ಬೆಳೆದವನು. ಗಾಳ ಹಾಕುವುದು ಗೊತ್ತಿದೆ ಎಂಬ ಧೈರ್ಯದಿಂದ ಇಲ್ಲಿಯೂ ಇಳಿದೆ. ಮೊದಲ ಮಾರ್ಚ್ ತಿಂಗಳಲ್ಲಿ ಸತತ ನಾಲ್ಕು ಶನಿವಾರ ಬೆಳಗ್ಗೆ ಏಳಕ್ಕೆ ನೀರಿಗಿಳಿದು, ಹನ್ನೊಂದಕ್ಕೆ ಕಾಲು ಮರಗಟ್ಟಿ, ಬರಿಗೈಯಲ್ಲಿ ಮನೆಗೆ ಬಂದೆ. ಐದನೆಯ ಶನಿವಾರ ತಡವಾಗಿ ಹೊರಟದ್ದರಿಂದ ಮಧ್ಯಾಹ್ನ ಒಂದು ಗಂಟೆಗೆ ತೊರೆ ತಲುಪಿದೆ. ಅದೇ ಮಡುವಿನಲ್ಲಿ ಹತ್ತು ಹನ್ನೆರಡು ಮೀನುಗಳು ಮೇಲೆದ್ದು ಕೀಟ ಹಿಡಿಯುತ್ತಿದ್ದವು. ವಸಂತದ ಟ್ರೌಟ್ ತಿಂಗಳನ್ನಾಗಲಿ ಗಡಿಯಾರವನ್ನಾಗಲಿ ಅನುಸರಿಸುವುದಿಲ್ಲ, ನೀರಿನ ಶಾಖವನ್ನು ಅನುಸರಿಸುತ್ತದೆ ಎಂಬುದು ಅಂದು ನನಗೆ ತಿಳಿಯಿತು. ಮುಂದೆ ಹೇಳುವುದೆಲ್ಲ ಆ ಒಂದು ತಿಳಿವಿನ ಸುತ್ತ ಹೆಣೆದದ್ದು.

ಯಾವ ಮೀನು, ಎಂಥ ನೀರು

ಸ್ಮೋಕಿ ಬೆಟ್ಟಗಳಲ್ಲಿ ಮೂರು ಬಗೆಯ ಟ್ರೌಟ್ ಇವೆ. ಬ್ರೂಕ್ ಟ್ರೌಟ್ ಒಂದೇ ಇಲ್ಲಿನ ಮೂಲನಿವಾಸಿ. ಸ್ಥಳೀಯರು ಅದನ್ನು ‘ಸ್ಪೆಕ್’ ಎನ್ನುತ್ತಾರೆ. ಬೆನ್ನ ಮೇಲೆ ಹುಳು ಹರಿದಂಥ ಗೆರೆಗಳು, ಹೊಟ್ಟೆಯ ಕಡೆ ಕಿತ್ತಳೆ, ಕೆಳರೆಕ್ಕೆಗಳ ಅಂಚಿಗೆ ಸುಣ್ಣದ ಗೆರೆ ಎಳೆದಂಥ ಬಿಳುಪು. ಅಂಗೈಯಷ್ಟು ಉದ್ದದ ಈ ಮೀನಿಗಿಂತ ಚೆಲುವಾದದ್ದನ್ನು ನಾನು ಸಿಹಿನೀರಿನಲ್ಲಿ ಕಂಡಿಲ್ಲ. ರೇನ್‌ಬೋ ಟ್ರೌಟ್ ಅಮೆರಿಕದ ಪಶ್ಚಿಮ ಭಾಗದಿಂದ ತಂದು ಬಿಟ್ಟದ್ದು. ಮೈಯ ಪಕ್ಕದಲ್ಲಿ ಗುಲಾಬಿ ಪಟ್ಟೆ, ಮೇಲೆಲ್ಲ ಕಪ್ಪು ಚುಕ್ಕೆ. ಬ್ರೌನ್ ಟ್ರೌಟ್ ಯುರೋಪಿನಿಂದ ಬಂದದ್ದು. ಅದರ ಕೆಂಪು ಚುಕ್ಕೆಗಳ ಸುತ್ತ ತಿಳಿಬಣ್ಣದ ಬಳೆಯಿರುತ್ತದೆ. ಮೂರರಲ್ಲಿ ದೊಡ್ಡದಾಗಿ ಬೆಳೆಯುವುದೂ ಇದೇ, ಎಚ್ಚರ ಹೆಚ್ಚಿರುವುದೂ ಇದಕ್ಕೇ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮರದ ಕಂಪನಿಗಳು ಈ ಬೆಟ್ಟಗಳನ್ನು ಬೋಳಿಸಿದವು. ನೆರಳು ಹೋಗಿ ನೀರು ಬಿಸಿಯಾಯಿತು, ಮಣ್ಣು ಕೊಚ್ಚಿ ಬಂದು ಮೊಟ್ಟೆಯಿಡುವ ಜಲ್ಲಿಯನ್ನು ಮುಚ್ಚಿತು. ಬ್ರೂಕ್ ಟ್ರೌಟ್ ಎತ್ತರದ ಝರಿಗಳಿಗೆ ಸರಿಯಿತು. ಖಾಲಿಯಾದ ಕೆಳಗಿನ ತೊರೆಗಳಿಗೆ ರೇನ್‌ಬೋ ತಂದು ಬಿಟ್ಟರು. ಅದು ಬಲಿತ ಮೇಲೆ ಬ್ರೂಕ್ ಟ್ರೌಟ್‌ಗೆ ಕೆಳಗಿಳಿಯಲು ಜಾಗವೇ ಉಳಿಯಲಿಲ್ಲ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಇದೇ ರೇನ್‌ಬೋ ನಮ್ಮ ನೀಲಗಿರಿಯ ಹೊಳೆಗಳಲ್ಲೂ ನೆಲೆಯೂರಿತು. ಊಟಿಯ ಹತ್ತಿರದ ಅವಲಾಂಚಿಯಲ್ಲಿ ಅದರ ಮರಿಕೇಂದ್ರವಿದೆ. 1934ರಲ್ಲಿ ಸ್ಮೋಕಿ ರಾಷ್ಟ್ರೀಯ ಉದ್ಯಾನವಾದ ಮೇಲೆ ಕಾಡು ಮರಳಿ ಬೆಳೆಯಿತು. ಎಪ್ಪತ್ತರ ದಶಕದ ನಡುವಿನಲ್ಲಿ ಮೀನುಮರಿ ತಂದು ಬಿಡುವುದನ್ನು ನಿಲ್ಲಿಸಿದರು. ಈಗ ಉದ್ಯಾನದೊಳಗೆ ನಿಮ್ಮ ಗಾಳಕ್ಕೆ ಬೀಳುವ ಹೆಚ್ಚುಕಡಿಮೆ ಪ್ರತಿ ಟ್ರೌಟ್ ಅಲ್ಲೇ ಹುಟ್ಟಿ ಬೆಳೆದದ್ದು. ಅದಕ್ಕಾಗಿಯೇ ನಾನು ಇಲ್ಲಿಗೆ ಹೋಗುತ್ತೇನೆ.

ಗಾತ್ರದ ಆಸೆ ಬೇಡ. ಇಲ್ಲಿನ ಬಂಡೆಗಳಿಂದ ನೀರಿಗೆ ಪೋಷಕಾಂಶ ಸೇರುವುದು ಕಡಿಮೆ, ಹಾಗಾಗಿ ಕೀಟಗಳೂ ಕಡಿಮೆ. ಬ್ರೂಕ್ ಮತ್ತು ರೇನ್‌ಬೋ ಸಾಮಾನ್ಯವಾಗಿ ಆರರಿಂದ ಒಂಬತ್ತು ಇಂಚು. ಹತ್ತು ಇಂಚಿನ ರೇನ್‌ಬೋ ಸಿಕ್ಕಿದರೆ ಆ ದಿನ ನೆನಪಿನಲ್ಲಿ ಉಳಿಯುತ್ತದೆ.

ಮೊದಲನೆಯ ಕೆಲಸ: ಪರವಾನಗಿ

ಉದ್ಯಾನದೊಳಗೆ ವರ್ಷವಿಡೀ ಗಾಳ ಹಾಕಬಹುದು. ಉದ್ಯಾನ ಹರಡಿಕೊಂಡಿರುವ ಟೆನೆಸ್ಸೀ ಅಥವಾ ಉತ್ತರ ಕೆರೊಲಿನಾ, ಎರಡರಲ್ಲಿ ಯಾವ ರಾಜ್ಯದ ಮೀನುಗಾರಿಕೆ ಪರವಾನಗಿ ಇದ್ದರೂ ಇಡೀ ಉದ್ಯಾನಕ್ಕೆ ಸಲ್ಲುತ್ತದೆ. ಟೆನೆಸ್ಸೀ ಕಡೆ 13 ವರ್ಷ, ಉತ್ತರ ಕೆರೊಲಿನಾ ಕಡೆ 16 ವರ್ಷ ತುಂಬಿದವರಿಗೆ ಅದು ಕಡ್ಡಾಯ. ಊರಿನಿಂದ ಬಂದ ಅಪ್ಪನಿಗೋ ಮಾವನಿಗೋ ಒಂದು ದಿನ ಕೋಲು ಹಿಡಿಸುವ ಆಸೆಯಿದ್ದರೆ ಅವರ ಹೆಸರಿಗೂ ಪರವಾನಗಿ ಬೇಕು. ಹೊರಗಿನವರಿಗೆಂದು ಕೆಲವೇ ದಿನಗಳ ಪರವಾನಗಿ ಆನ್‌ಲೈನ್‌ನಲ್ಲಿ ಸಿಗುತ್ತದೆ.

ಒಳಗೆ ನಿಯಮ ಸರಳವಾಗಿದೆ: ಒಂಟಿ ಕೊಕ್ಕೆಯ ಕೃತಕ ಫ್ಲೈ ಅಥವಾ ಕೃತಕ ಆಮಿಷ ಮಾತ್ರ, ಒಬ್ಬರಿಗೆ ಒಂದೇ ಕೋಲು, ಜೀವಂತ ಎರೆಯಾಗಲಿ ಹಿಟ್ಟಿನ ಉಂಡೆಯಾಗಲಿ ಕೂಡದು. ಕಾವೇರಿಯಲ್ಲಿ ಮಹಶೀರ್ ಮೀನಿಗೆ ರಾಗಿ ಉಂಡೆ ಕಟ್ಟುತ್ತಿದ್ದುದನ್ನು ಕಂಡವರು ಇದನ್ನು ವಿಶೇಷವಾಗಿ ನೆನಪಿಡಿ. ದಿನಕ್ಕೆ ಐದು ಮೀನು, ಒಂದೊಂದೂ ಕನಿಷ್ಠ ಏಳು ಇಂಚು. ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತವಾಗಿ ಅರ್ಧ ಗಂಟೆಯ ತನಕ. ಕಾಲು ಗಂಟೆಗಿಂತ ಹೆಚ್ಚು ಹೊತ್ತು ಕಾರು ನಿಲ್ಲಿಸಬೇಕಾದರೆ 2023ರ ಮಾರ್ಚ್‌ನಿಂದ ಪಾರ್ಕಿಂಗ್ ಚೀಟಿ ಬೇಕು.

ಉದ್ಯಾನ ದಾಟಿದ ಕೂಡಲೇ ನಿಯಮ ಬದಲಾಗುತ್ತದೆ. ಓಕೊನಲಫ್ಟೀ ನದಿ ಉದ್ಯಾನದಿಂದ ಹೊರಬಂದು ಚೆರೊಕೀ ಎಂಬ ಮೂಲನಿವಾಸಿ ಜನರ ನೆಲವನ್ನು ಹೊಕ್ಕಲ್ಲಿ ರಾಜ್ಯದ ಪರವಾನಗಿ ನಡೆಯುವುದಿಲ್ಲ, ಅವರದೇ ಚೀಟಿ ಕೊಳ್ಳಬೇಕು. ಉತ್ತರ ಕೆರೊಲಿನಾದ ಕೆಲವು ನದಿಗಳಲ್ಲಿ ಅಕ್ಟೋಬರ್‌ನಿಂದ ಜೂನ್ ಆರಂಭದವರೆಗೆ ಹಿಡಿದದ್ದನ್ನೆಲ್ಲ ಬಿಟ್ಟುಬಿಡಬೇಕು. ಟಕಸೀಜೀ ನದಿಯ ಡಿಲ್ಸ್‌ಬರೊ ಭಾಗ ಅಂಥದ್ದು. ಅಲ್ಲಿ ಮೀನು ತಂದು ಬಿಟ್ಟಿರುತ್ತಾರೆ, ನೀರು ಅಗಲ, ಬೀಸಲು ಜಾಗ ಧಾರಾಳ. ಕೈ ಪಳಗುವವರೆಗೆ ಅಂಥ ನದಿಯೇ ಹೊಸಬರಿಗೆ ಒಳ್ಳೆಯದು ಎಂಬುದು ನನ್ನ ಅನುಭವ. 2024ರ ಸೆಪ್ಟೆಂಬರ್‌ನ ಹೆಲೀನ್ ಚಂಡಮಾರುತದಲ್ಲಿ ಪಶ್ಚಿಮ ಉತ್ತರ ಕೆರೊಲಿನಾದ ಎಷ್ಟೋ ಹೊಳೆಗಳ ಪಾತ್ರವೇ ಬದಲಾಗಿದೆ, ರಸ್ತೆಗಳು ಕೊಚ್ಚಿಹೋಗಿವೆ. ಹಳೆಯ ನಕ್ಷೆಯನ್ನೇ ನಂಬಿ ಹೊರಡಬೇಡಿ. ಹತ್ತಿರದ ಗಾಳದ ಅಂಗಡಿಗೆ ಒಂದು ಫೋನ್ ಮಾಡಿ.

ಸಾಮಾನು: ಎಷ್ಟು ಸಾಕು

ಅಂಗಡಿಗೆ ಹೋದರೆ ಕೊಳ್ಳಲು ನೂರು ವಸ್ತು ಕಾಣುತ್ತವೆ. ಬೇಕಾದದ್ದು ಸ್ವಲ್ಪವೇ.

ಒಂದೇ ಕೋಲು ಕೊಳ್ಳುವುದಾದರೆ ಎಂಟರಿಂದ ಎಂಟೂವರೆ ಅಡಿಯ, 4 ವೇಟ್‌ನ ರಾಡ್ ಕೊಳ್ಳಿ. ಇಲ್ಲಿ ವೇಟ್ ಎಂದರೆ ಆ ಕೋಲು ಬೀಸಬಲ್ಲ ದಾರದ ತೂಕ. ಫ್ಲೈಗೆ ತೂಕವೇ ಇಲ್ಲವಾದ್ದರಿಂದ ಅದನ್ನು ಹೊತ್ತೊಯ್ಯುವುದು ದಪ್ಪನೆಯ ದಾರ. ಊರಿನ ಗಾಳದಲ್ಲಿ ತುದಿಯ ಭಾರ ದಾರವನ್ನು ಎಳೆದೊಯ್ಯುತ್ತದೆ, ಇಲ್ಲಿ ದಾರವೇ ತುದಿಯನ್ನು ಎಳೆದೊಯ್ಯುತ್ತದೆ. ಈ ಒಂದು ವ್ಯತ್ಯಾಸ ಮನಸ್ಸಿಗೆ ಹತ್ತಿದರೆ ಬೀಸುವುದು ಅರ್ಧ ಕಲಿತಂತೆ.

ದಾರದ ತುದಿಗೆ ಲೀಡರ್ ಎಂಬ, ಹೋದಂತೆಲ್ಲ ತೆಳುವಾಗುವ ಏಳೂವರೆ ಅಡಿಯ ಎಳೆ, ಅದರ ತುದಿಗೆ ಫ್ಲೈ ಕಟ್ಟುವ ಕೂದಲಿನಂಥ ಟಿಪೆಟ್. ಟಿಪೆಟ್‌ಗೆ 4ಎಕ್ಸ್, 5ಎಕ್ಸ್, 6ಎಕ್ಸ್ ಎಂದು ಅಳತೆಯಿದೆ. ಸಂಖ್ಯೆ ಹೆಚ್ಚಿದಷ್ಟೂ ದಾರ ತೆಳು. 11ರಿಂದ ಆ ಸಂಖ್ಯೆಯನ್ನು ಕಳೆದರೆ ಇಂಚಿನ ಸಾವಿರದ ಭಾಗಗಳಲ್ಲಿ ಅದರ ದಪ್ಪ ಸಿಗುತ್ತದೆ. 5ಎಕ್ಸ್ ಎಂದರೆ ಇಂಚಿನ ಸಾವಿರದಲ್ಲಿ ಆರು ಭಾಗ. ವಸಂತದಲ್ಲಿ ನನಗೆ 5ಎಕ್ಸ್ ಒಂದೇ ಸಾಲುತ್ತದೆ.

ಮಲೆನಾಡಿನಲ್ಲೋ ಕರಾವಳಿಯಲ್ಲೋ ಬಿದಿರುಕೋಲು ಹಿಡಿದವರಿಗೆ ಇನ್ನೊಂದು ಹಾದಿಯಿದೆ: ಜಪಾನಿನ ತೆಂಕಾರಾ. ಹನ್ನೊಂದು ಹನ್ನೆರಡು ಅಡಿಯ ಹಗುರ ಕೋಲು, ತುದಿಗೇ ಕಟ್ಟಿದ ದಾರ, ದಾರ ಸುತ್ತುವ ರೀಲ್ ಇಲ್ಲ. ನಮ್ಮ ಕೋಲಿನ ದೂರದ ನೆಂಟನಂತೆಯೇ ಇದೆ. ಸ್ಮೋಕಿಯ ಚಿಕ್ಕ ತೊರೆಗಳಿಗೆ ಹೇಳಿ ಮಾಡಿಸಿದ್ದು, ಬೆಲೆಯೂ ಕಡಿಮೆ. ನನ್ನ ಮಗಳಿಗೆ ನಾನು ಮೊದಲು ಕೊಟ್ಟದ್ದು ಅದನ್ನೇ. ಒಂದೇ ಮಧ್ಯಾಹ್ನದಲ್ಲಿ ಕೈ ಕೂಡಿತು.

ವಸಂತದಲ್ಲಿ ನೀರು ಮೂಳೆ ಕೊರೆಯುವಷ್ಟು ತಣ್ಣಗಿರುವುದರಿಂದ ಎದೆಯವರೆಗೆ ಬರುವ, ನೀರು ಒಳಬಿಡದ ವೇಡರ್ ಎಂಬ ಉಡುಪು ಬೇಕು, ಅದರ ಸೊಂಟಕ್ಕೆ ಬಿಗಿಯಾದ ಪಟ್ಟಿ ಬೇಕು. ಅಡಿಗೆ ಲೋಹದ ಮೊಳೆಯಿರುವ ಬೂಟು, ಊರಲು ಒಂದು ಕೋಲು. ಪಾಚಿ ಹಿಡಿದ ಇಲ್ಲಿನ ಬಂಡೆಗಳು ಎಣ್ಣೆ ಸವರಿದಂತೆ ಜಾರುತ್ತವೆ. ಬೆಳಕಿನ ಹೊಳಪು ತಡೆದು ನೀರಿನೊಳಗೆ ಕಾಣಿಸುವ ಪೋಲರಾಯ್ಡ್ ಕನ್ನಡಕ ಕೊಳ್ಳಿ. ಅದು ಕಣ್ಣಿಗೆ ಕೊಕ್ಕೆ ಬಡಿಯದಂತೆಯೂ ಕಾಯುತ್ತದೆ. ಮರೆಯಲೇಬಾರದ ಇನ್ನೊಂದು ವಸ್ತು ಥರ್ಮಾಮೀಟರ್. ನಾನು ಹುರಿಗೆ ಕಟ್ಟಿ ಅಂಗಿಯ ಗುಂಡಿಗೆ ನೇತುಹಾಕಿಕೊಳ್ಳುತ್ತೇನೆ.

ಎರಡನೆಯ ಕೆಲಸ: ನೀರಿನ ಶಾಖ ನೋಡಿ ಜಾಗ ಆರಿಸುವುದು

ತೊರೆಗೆ ಬಂದ ಕೂಡಲೇ ಕೋಲು ಬಿಚ್ಚಬೇಡಿ. ಥರ್ಮಾಮೀಟರನ್ನು ನೆರಳಿನ ಹರಿಯುವ ನೀರಿನಲ್ಲಿ ಎರಡು ನಿಮಿಷ ಇಳಿಬಿಡಿ.

ಟ್ರೌಟ್‌ನ ಮೈ ಶಾಖ ನೀರಿನದೇ ಶಾಖ. ತಣ್ಣೀರಿನಲ್ಲಿ ಅದಕ್ಕೆ ಹಸಿವು ಕಡಿಮೆ, ಜೀರ್ಣವೂ ನಿಧಾನ. 45 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ ಸುಮಾರು 7 ಸೆಲ್ಸಿಯಸ್‌ಗಿಂತ ಕಡಿಮೆಯಿದ್ದರೆ ಮೀನು ಆಳದ ಮಡುವಿನ ತಳಕ್ಕೆ ಅಂಟಿಕೊಂಡಿರುತ್ತದೆ, ಮೂಗಿನ ಮುಂದೆ ಬಂದದ್ದನ್ನು ಮಾತ್ರ ಬಾಯಿಗೆ ತೆಗೆದುಕೊಳ್ಳುತ್ತದೆ. 50ಕ್ಕೆ, ಅಂದರೆ 10 ಸೆಲ್ಸಿಯಸ್‌ಗೆ ಬಂದಾಗ ವಸಂತದ ದೊಡ್ಡ ಕೀಟಗಳು ಹೊರಬರತೊಡಗುತ್ತವೆ, ಮೀನು ಹರಿಯುವ ನೀರಿಗೆ ಬಂದು ನಿಲ್ಲುತ್ತದೆ. 50ರಿಂದ 65ರವರೆಗೆ, ಅಂದರೆ 10ರಿಂದ 18 ಸೆಲ್ಸಿಯಸ್ ನಡುವೆ ಸುಗ್ಗಿ. 68, ಅಂದರೆ 20 ಸೆಲ್ಸಿಯಸ್ ಮುಟ್ಟಿತೆಂದರೆ ಕೋಲು ಮಡಚಿಡಿ. ಬೆಚ್ಚನೆಯ ನೀರಿನಲ್ಲಿ ಆಮ್ಲಜನಕ ಕಡಿಮೆ. ಗಾಳದಲ್ಲಿ ಹೋರಾಡಿ ದಣಿದ ಮೀನು, ನೀವು ಎಷ್ಟೇ ಮೃದುವಾಗಿ ಬಿಟ್ಟರೂ ಆಮೇಲೆ ಸಾಯಬಹುದು.

ಇದರಿಂದ ಎರಡು ವಿಷಯ ತಾನಾಗಿ ತಿಳಿಯುತ್ತವೆ. ಮೊದಲನೆಯದು ಹೊತ್ತು. ಮಾರ್ಚ್‌ನಲ್ಲಿ ಬೆಳಗ್ಗೆ ಬೇಗ ಏಳುವ ಅಗತ್ಯವಿಲ್ಲ. ಮನೆಯಲ್ಲಿ ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಹನ್ನೊಂದಕ್ಕೆ ನೀರಿಗಿಳಿಯಿರಿ. ಹನ್ನೆರಡರಿಂದ ನಾಲ್ಕರ ತನಕವೇ ಆ ತಿಂಗಳ ಒಳ್ಳೆಯ ಹೊತ್ತು. ಮೇ ತಿಂಗಳಿಗೆ ಇದು ತಿರುಗುತ್ತದೆ. ಆಗ ಮುಂಜಾನೆ ಮತ್ತು ಸಂಜೆ ಚೆನ್ನ.

ಎರಡನೆಯದು ಎತ್ತರ. ಮೇಲಕ್ಕೆ ಹೋದಷ್ಟೂ ತಂಪು. ಹಾಗಾಗಿ ವಸಂತವು ಬೆಟ್ಟದ ಬುಡದಿಂದ ಮೇಲಕ್ಕೆ ಹತ್ತುತ್ತದೆ. ಮಾರ್ಚ್‌ನಲ್ಲಿ ಟೌನ್‌ಸೆಂಡ್ ಹತ್ತಿರದ ಲಿಟಲ್ ರಿವರ್, ಏಬ್ರಮ್ಸ್ ಕ್ರೀಕ್, ಬ್ರೈಸನ್ ಸಿಟಿ ಬಳಿಯ ಡೀಪ್ ಕ್ರೀಕ್‌ನ ಕೆಳಭಾಗ ಹೀಗೆ ತಗ್ಗಿನ ನೀರು ಹಿಡಿಯಿರಿ. ಏಬ್ರಮ್ಸ್ ಕ್ರೀಕ್‌ಗೆ ಕೇಡ್ಸ್ ಕೋವ್ ಕಣಿವೆಯ ಸುಣ್ಣಕಲ್ಲಿನ ನೀರು ಸೇರುವುದರಿಂದ ಅಲ್ಲಿ ಕೀಟಗಳೂ ಹೆಚ್ಚು, ಮೀನೂ ದಷ್ಟಪುಷ್ಟ. ಡಾಗ್‌ವುಡ್ ಮರಗಳು ಬಿಳಿ ಹೂವು ಬಿಡುವ ಏಪ್ರಿಲ್‌ನಲ್ಲಿ, ಅಂದರೆ ನಮ್ಮ ಯುಗಾದಿಯ ಆಸುಪಾಸಿನಲ್ಲಿ, ಎಲ್ಕ್‌ಮಾಂಟ್‌ನ ಎತ್ತರಕ್ಕೆ ಬನ್ನಿ. ಮೇ ಬಂದಾಗ ಮೂರು ಸಾವಿರ ಅಡಿಗಿಂತ ಮೇಲಿನ ಝರಿಗಳಿಗೆ ನಡೆದು ಹೋಗಿ. ಬ್ರೂಕ್ ಟ್ರೌಟ್ ಅಲ್ಲಿ ಕಾಯುತ್ತಿರುತ್ತದೆ. ಅದನ್ನು ಹಿಡಿಯುವುದನ್ನು ಮೂರು ದಶಕ ನಿಷೇಧಿಸಿ, 2006ರಲ್ಲಿ ಮತ್ತೆ ಅನುಮತಿ ಕೊಟ್ಟಿದ್ದಾರೆ.

ಹೊರಡುವ ಮುನ್ನ ಅಮೆರಿಕದ ಭೂವಿಜ್ಞಾನ ಸಮೀಕ್ಷೆಯ ಜಾಲತಾಣದಲ್ಲಿ ಟೌನ್‌ಸೆಂಡ್ ಬಳಿಯ ಲಿಟಲ್ ರಿವರ್ ನೀರಿನ ಮಾಪಕ ನೋಡಿ. ಸೆಕೆಂಡಿಗೆ 300 ಘನ ಅಡಿ ದಾಟಿದ್ದರೆ ನಾನು ದೊಡ್ಡ ಹೊಳೆ ಬಿಟ್ಟು ಚಿಕ್ಕ ಕವಲುಗಳಿಗೆ ಹೋಗುತ್ತೇನೆ.

ಮೂರನೆಯ ಕೆಲಸ: ಕೀಟ ಗುರುತಿಸುವುದು

ಕಲಿಯಬೇಕಾದದ್ದು ಮೂರು ಕುಲ. ರೆಕ್ಕೆಯನ್ನು ದೋಣಿಯ ಹಾಯಿಯಂತೆ ನೆಟ್ಟಗೆ ನಿಲ್ಲಿಸಿಕೊಂಡು ತೇಲುವುದು ಮೇಫ್ಲೈ. ಮಲೆನಾಡಿನ ಹಂಚಿನ ಮನೆಯ ಮಾಡಿನಂತೆ ಇಳಿಜಾರಾಗಿ ಮಡಚುವುದು ಕ್ಯಾಡಿಸ್. ಬೆನ್ನ ಮೇಲೆ ಚಪ್ಪಟೆಯಾಗಿ ಒಂದರ ಮೇಲೊಂದು ಹಾಸಿಕೊಳ್ಳುವುದು ಸ್ಟೋನ್‌ಫ್ಲೈ. ಮೂರರ ಮರಿಗಳೂ ನೀರಿನಡಿಯ ಕಲ್ಲುಗಳಲ್ಲಿ ತಿಂಗಳುಗಟ್ಟಲೆ ಬೆಳೆದು, ರೆಕ್ಕೆ ಬಂದ ಮೇಲೆ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ ಮಾತ್ರ ಹೊರಗೆ ಬದುಕುತ್ತವೆ. ಮೇಫ್ಲೈಗಂತೂ ರೆಕ್ಕೆ ಬಂದ ಮೇಲೆ ಉಣ್ಣಲು ಬಾಯಿಯೇ ಕೆಲಸ ಮಾಡುವುದಿಲ್ಲ. ಕೂಡಿ ಮೊಟ್ಟೆಯಿಟ್ಟು ಮುಗಿಯಿತು.

ಸರದಿ ಹೀಗಿದೆ. ಫೆಬ್ರವರಿ ಕೊನೆಗೆ ಚಿಕ್ಕ ಕಪ್ಪು ಸ್ಟೋನ್‌ಫ್ಲೈಗಳು. ನೀರು 50 ಡಿಗ್ರಿಯ ಹತ್ತಿರ ಕೆಲವು ದಿನ ನಿಂತಿತೆಂದರೆ ಕ್ವಿಲ್ ಗಾರ್ಡನ್ ಎಂಬ ಬೂದು ಮೇಫ್ಲೈ, ಜೊತೆಗೇ ಅದಕ್ಕಿಂತ ಚಿಕ್ಕದಾದ ಬ್ಲೂ ಕ್ವಿಲ್. ಇವು ಮಾರ್ಚ್‌ನ ಕೀಟಗಳು. ಏಪ್ರಿಲ್ ನಡುವಿನಿಂದ ಮಾರ್ಚ್ ಬ್ರೌನ್. ಹೆಸರಿನಲ್ಲಿ ಮಾರ್ಚ್ ಇದ್ದರೂ ಈ ಬೆಟ್ಟಗಳಲ್ಲಿ ಅದು ತಡವಾಗಿಯೇ ಬರುತ್ತದೆ. ಏಪ್ರಿಲ್ ಕೊನೆಯಿಂದ ನಿಂಬೆಹಳದಿಯ ಯೆಲ್ಲೋ ಸ್ಯಾಲಿ ಸ್ಟೋನ್‌ಫ್ಲೈ ಮತ್ತು ಕೆನೆಬಣ್ಣದ ಲೈಟ್ ಕೇಹಿಲ್. ಮೋಡ ಕವಿದು ಜಿನುಗುಮಳೆ ಬೀಳುವ ದಿನಗಳಲ್ಲಿ ಬ್ಲೂ ವಿಂಗ್ಡ್ ಆಲಿವ್ ಎಂಬ ಪುಟ್ಟ ಮೇಫ್ಲೈ.

ಇವುಗಳಲ್ಲಿ ಕ್ವಿಲ್ ಗಾರ್ಡನ್ ವಿಶೇಷ. ಹೆಚ್ಚಿನ ಮೇಫ್ಲೈಗಳು ನೀರಿನ ಮೇಲ್ಮೈಗೆ ಬಂದು ಪೊರೆ ಕಳಚುತ್ತವೆ. ಇದು ತಳದಲ್ಲೇ ಪೊರೆ ಬಿಟ್ಟು, ರೆಕ್ಕೆ ಸಮೇತ ನೀರಿನ ನಡುವಿನಿಂದ ಮೇಲೇರುತ್ತದೆ. ಮೀನು ಅದನ್ನು ದಾರಿಯಲ್ಲೇ ಹಿಡಿಯುತ್ತದೆ. ಆದ್ದರಿಂದ ತೇಲುವ ಫ್ಲೈಗೆ ಮೀನು ಬಾರದಿದ್ದರೆ ಅದೇ ಬಣ್ಣದ ಮುಳುಗುವ ಫ್ಲೈ ಕಟ್ಟಿ, ಹರಿವಿನ ಕೊನೆಯಲ್ಲಿ ಕೋಲನ್ನು ಮೆಲ್ಲಗೆ ಎತ್ತಿ. ಫ್ಲೈ ಮೇಲೇರುವಾಗಲೇ ಮೀನು ಹಿಡಿಯುತ್ತದೆ. ನನಗೆ ಸಿಕ್ಕ ದೊಡ್ಡ ಮೀನುಗಳಲ್ಲಿ ಅರ್ಧದಷ್ಟು ಹೀಗೆಯೇ ಸಿಕ್ಕವು.

ಪೆಟ್ಟಿಗೆಯಲ್ಲಿ ಇಷ್ಟಿದ್ದರೆ ವಸಂತ ಕಳೆಯುತ್ತದೆ: ತೇಲುವವುಗಳಲ್ಲಿ 12ರಿಂದ 18ರ ಗಾತ್ರದ ಪ್ಯಾರಾಶೂಟ್ ಆಡಮ್ಸ್, 14 ಮತ್ತು 16ರ ಎಲ್ಕ್ ಹೇರ್ ಕ್ಯಾಡಿಸ್, ಹಳದಿ ಸ್ಟಿಮ್ಯುಲೇಟರ್. ಮುಳುಗುವವುಗಳಲ್ಲಿ ಫೆಸೆಂಟ್ ಟೇಲ್, ಹೇರ್ಸ್ ಇಯರ್, ಈ ಸೀಮೆಯದೇ ಆದ ಟೆಲಿಕೊ ನಿಂಫ್. ಕೊಕ್ಕೆಯ ಸಂಖ್ಯೆ ಹೆಚ್ಚಿದಷ್ಟೂ ಫ್ಲೈ ಚಿಕ್ಕದು. ಈ ಬೆಟ್ಟದ ಹಳಬರು ಯಲ್ಲರ್‌ಹ್ಯಾಮರ್ ಎಂಬ ಫ್ಲೈಯನ್ನು ಫ್ಲಿಕರ್ ಎಂಬ ಮರಕುಟಿಗದ ಹಳದಿ ಗರಿಯಿಂದ ಕಟ್ಟುತ್ತಿದ್ದರು. ಆ ಹಕ್ಕಿಗೆ ಈಗ ಕಾನೂನಿನ ರಕ್ಷಣೆಯಿದೆ, ಆದ್ದರಿಂದ ಬೇರೆ ಗರಿಗೆ ಹಳದಿ ಬಣ್ಣ ಹಾಕಿ ಕಟ್ಟುತ್ತಾರೆ. ಈಗಲೂ ಅದಕ್ಕೆ ಮೀನು ಬೀಳುತ್ತದೆ. ಸ್ಮೋಕಿಯ ಮೀನಿಗೆ ಹಳದಿ ಎಂದರೆ ಏನೋ ಒಲವು.

ಗೊಂದಲವಾದರೆ ಎರಡು ಫ್ಲೈ ಒಟ್ಟಿಗೆ ಕಟ್ಟಿ. ಮೇಲೆ ತೇಲುವ ಆಡಮ್ಸ್, ಅದರ ಕೊಕ್ಕೆಯ ಬಾಗಿಗೆ ಒಂದೂವರೆ ಅಡಿ ಟಿಪೆಟ್ ಗಂಟು ಹಾಕಿ ಕೆಳಗೆ ಫೆಸೆಂಟ್ ಟೇಲ್. ಮೇಲಿನದು ನಮ್ಮ ಊರಿನ ಬೆಂಡಿನ ಕೆಲಸವನ್ನೂ ಮಾಡುತ್ತದೆ. ಅದು ತಟಕ್ಕನೆ ನಿಂತರೆ ಅಥವಾ ಮುಳುಗಿದರೆ ಕೋಲೆತ್ತಿ.

ನಾಲ್ಕನೆಯ ಕೆಲಸ: ಮೀನು ನಿಂತ ತಾಣ ಕಂಡುಕೊಳ್ಳುವುದು

ಟ್ರೌಟ್ ಹರಿವಿಗೆ ಮುಖ ಮಾಡಿ ನಿಲ್ಲುತ್ತದೆ. ಆಹಾರ ಮೇಲಿನಿಂದ ತೇಲಿ ಬರಬೇಕು, ಆದರೆ ಸೆಳವಿನ ಎದುರು ಈಜಿ ದಣಿಯಬಾರದು. ಈ ಎರಡೂ ಒದಗುವ ಜಾಗವೇ ಅದರ ಮನೆ: ಬಂಡೆಯ ಹಿಂದಿನ ಶಾಂತ ನೀರು, ವೇಗದ ಹರಿವೂ ನಿಧಾನದ ಹರಿವೂ ಕೂಡುವ ಗೆರೆ, ದಡ ಕೊರೆದು ಒಳಗಾದ ನೆರಳು, ಮಡು ಮುಗಿದು ನೀರು ತೆಳ್ಳಗಾಗುವ ಬಾಲದ ಭಾಗ. ಕಣ್ಣಿಗೆ ಬೇಗ ಸಿಗುವ ಗುರುತು ನೊರೆ. ನೊರೆಯನ್ನು ಹೊತ್ತು ತರುವ ಹರಿವೇ ಕೀಟವನ್ನೂ ತರುತ್ತದೆ. ನೊರೆಯ ಗೆರೆಯ ಮೇಲೆ ಫ್ಲೈ ಬಿದ್ದರೆ ಮೀನಿನ ತಾಟಿಗೇ ಬಡಿಸಿದಂತೆ.

ಕೆಳಗಿನಿಂದ ಮೇಲಕ್ಕೆ ನಡೆಯಿರಿ. ಆಗ ಮೀನಿನ ಬೆನ್ನು ನಿಮ್ಮ ಕಡೆಗಿರುತ್ತದೆ. ನೀರಿನೊಳಗಿನಿಂದ ಮೀನಿಗೆ ಹೊರಲೋಕ ಕಾಣುವುದು ತಲೆಯ ಮೇಲಿನ ಒಂದು ದುಂಡು ಕಿಟಕಿಯಲ್ಲಿ, ಸುಮಾರು 97 ಡಿಗ್ರಿ ಅಗಲದಲ್ಲಿ. ಬೆಳಕಿನ ಬಾಗುವಿಕೆಯಿಂದ ಅದರ ಅಂಚಿನಲ್ಲಿ ತಗ್ಗಿನ ವಸ್ತುಗಳು ಹಿಂಡಿದಂತೆ ಅಸ್ಪಷ್ಟವಾಗುತ್ತವೆ. ಆದ್ದರಿಂದ ಬಗ್ಗಿ, ಬೇಕಾದರೆ ಮಂಡಿಯೂರಿ. ಬೂದು, ಹಸಿರು, ಕಂದು ಬಟ್ಟೆ ಹಾಕಿ. ನೆರಳು ಮಡುವಿನ ಮೇಲೆ ಬೀಳದಿರಲಿ. ಮಡುವಿನ ಬಾಲವನ್ನು ಮೊದಲು ಹುಡುಕಿ, ನಂತರ ನಡು, ಕೊನೆಗೆ ನೀರು ಧುಮುಕುವ ತಲೆ. ಹೊಸಬರು ನೇರವಾಗಿ ತಲೆಗೇ ಬೀಸುತ್ತಾರೆ. ಬಾಲದ ಮೀನು ಬೆದರಿ ಮೇಲಕ್ಕೋಡಿ ಇಡೀ ಮಡುವಿಗೆ ಸುದ್ದಿ ಮುಟ್ಟಿಸುತ್ತದೆ.

ಐದನೆಯ ಕೆಲಸ: ಬೀಸುವುದು, ತೇಲಿಸುವುದು

ಬಯಲಿನಲ್ಲಿ ಬೀಸುವುದನ್ನು ಮನೆಯ ಹಿಂದಿನ ಹುಲ್ಲಿನ ಮೇಲೆ, ಕೊಕ್ಕೆಯಿಲ್ಲದೆ ಕಲಿಯಿರಿ. ಕೋಲು ಹಿಂದಕ್ಕೆ ಹೋಗಿ ತಲೆಯ ಹಿಂದೆ ಸ್ವಲ್ಪ ದಾಟಿ ಥಟ್ಟನೆ ನಿಲ್ಲಬೇಕು. ದಾರ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ತಾಳಬೇಕು. ಆಮೇಲೆ ಮುಂದಕ್ಕೆ ಬೀಸಿ ಮತ್ತೆ ಥಟ್ಟನೆ ನಿಲ್ಲಿಸಬೇಕು. ಎಲ್ಲರೂ ತಪ್ಪುವುದು ಆ ತಾಳುವಿಕೆಯಲ್ಲಿ. ಬಲ ಬೇಡ, ತಾಳ ಬೇಕು.

ತೊರೆಯಲ್ಲಿ ಮಾತ್ರ ಹಿಂದಕ್ಕೆ ಬೀಸಲು ಜಾಗವೇ ಸಿಗುವುದಿಲ್ಲ. ಎರಡೂ ದಡದಿಂದ ರೋಡೊಡೆಂಡ್ರಾನ್ ಪೊದೆಗಳು ಬಾಗಿ ತಲೆಯ ಮೇಲೆ ಚಪ್ಪರ ಹಾಕಿರುತ್ತವೆ. ಅಲ್ಲಿ ಬಿಲ್ಲಿನ ವರಸೆ ನೆರವಿಗೆ ಬರುತ್ತದೆ. ಕೋಲಿನುದ್ದ ಮಾತ್ರ ದಾರ ಬಿಟ್ಟು, ಫ್ಲೈಯನ್ನು ಬಾಗಿನ ಕಡೆಯಿಂದ, ಮೊನೆ ಚುಚ್ಚದಂತೆ ಎರಡು ಬೆರಳಲ್ಲಿ ಹಿಡಿಯಿರಿ. ಕೋಲನ್ನು ಬಿಲ್ಲಿನಂತೆ ಬಗ್ಗಿಸಿ ಗುರಿಯಿಟ್ಟು ಬಿಡಿ. ಪೊದೆಯ ಕೆಳಗಿನ ಗೇಣಗಲದ ಸಂದಿಗೂ ಫ್ಲೈ ತಲುಪುತ್ತದೆ.

ದೂರ ಬೀಸುವ ಹಂಬಲ ಬಿಡಿ. ಇಲ್ಲಿನ ಮೀನೆಲ್ಲ ಹದಿನೈದು ಇಪ್ಪತ್ತು ಅಡಿಯೊಳಗೆ ಸಿಗುತ್ತದೆ. ಕಷ್ಟವಿರುವುದು ತೇಲಿಸುವುದರಲ್ಲಿ. ನಿಮಗೂ ಮೀನಿಗೂ ನಡುವೆ ಮೂರು ನಾಲ್ಕು ಬೇರೆ ಬೇರೆ ವೇಗದ ಹರಿವುಗಳಿರುತ್ತವೆ. ನಡುವಿನ ವೇಗದ ಹರಿವು ದಾರವನ್ನು ಎಳೆದರೆ ಫ್ಲೈ ನೀರಿನ ಮೇಲೆ ಗೆರೆ ಕೊರೆಯುತ್ತಾ ಓಡುತ್ತದೆ. ನಿಜವಾದ ಕೀಟ ಹಾಗೆ ಓಡುವುದಿಲ್ಲ ಎಂಬುದು ಮೀನಿಗೆ ಚೆನ್ನಾಗಿ ಗೊತ್ತು. ಫ್ಲೈ ಯಾವುದೆಂಬುದಕ್ಕಿಂತ ಈ ಎಳೆತವೇ ಹೆಚ್ಚು ಮೀನುಗಳನ್ನು ತಪ್ಪಿಸುತ್ತದೆ ಎಂದು ನಾನು ಖಂಡಿತವಾಗಿ ಹೇಳಬಲ್ಲೆ. ಪರಿಹಾರ ಸುಲಭ: ಹತ್ತಿರ ಹೋಗಿ, ತೋಳು ಚಾಚಿ ಕೋಲಿನ ತುದಿಯನ್ನು ಎತ್ತರಿಸಿ, ದಪ್ಪ ದಾರ ನೀರಿಗೆ ತಾಗದಂತೆ ಹಿಡಿಯಿರಿ. ಫ್ಲೈ ತೇಲಿದ ಹಾಗೆಲ್ಲ ಕೋಲಿನ ತುದಿಯೂ ಅದರ ಜೊತೆ ಸಾಗಲಿ. ಎರಡು ಮೂರು ಅಡಿ ಸಹಜವಾಗಿ ತೇಲಿದರೆ ಸಾಕು, ಮೀನು ಬರುವುದಿದ್ದರೆ ಅಷ್ಟರಲ್ಲೇ ಬರುತ್ತದೆ.

ಬಂದ ಕ್ಷಣ ಮಣಿಕಟ್ಟು ಮಾತ್ರ ಎತ್ತಿ. ಕಾಡಿನ ಟ್ರೌಟ್ ಮೋಸವನ್ನು ನಾಲಿಗೆಯಲ್ಲೇ ಅರಿತು ಉಗುಳಿಬಿಡುತ್ತದೆ, ತಡ ಮಾಡಿದರೆ ಕೈ ತಪ್ಪುತ್ತದೆ. ತೋಳಿನಿಂದ ಎಳೆದರೆ ಏಳು ಇಂಚಿನ ಮೀನು ನಿಮ್ಮ ತಲೆಯ ಮೇಲಿಂದ ಹಾರಿ ಪೊದೆಗೆ ಬೀಳುತ್ತದೆ. ನನ್ನಿಂದ ಒಮ್ಮೆ ಹಾಗಾಯಿತು. ಆ ಮೀನು ಬದುಕಲಿಲ್ಲ.

ಹಿಡಿದ ಮೇಲೆ

ಮನೆಯಲ್ಲೇ ಇಕ್ಕಳದಿಂದ ಕೊಕ್ಕೆಯ ಹಿಮ್ಮುಳ್ಳನ್ನು ಒತ್ತಿ ಚಪ್ಪಟೆ ಮಾಡಿಕೊಳ್ಳಿ. ಮೀನನ್ನು ಬೇಗ ದಡಕ್ಕೆ ತನ್ನಿ. ಕೈಯನ್ನು ಮೊದಲು ನೀರಿನಲ್ಲಿ ಒದ್ದೆ ಮಾಡಿ, ಏಕೆಂದರೆ ಟ್ರೌಟ್‌ನ ಮೈಮೇಲಿನ ಲೋಳೆಯೇ ಅದಕ್ಕೆ ರೋಗದಿಂದ ರಕ್ಷಣೆ, ಒಣಗೈ ಅದನ್ನು ಒರೆಸಿಬಿಡುತ್ತದೆ. ಕಿವಿರಿಗೆ ಬೆರಳು ಹಾಕಬೇಡಿ, ಹೊಟ್ಟೆ ಹಿಂಡಬೇಡಿ. ಫೋಟೊ ಬೇಕಿದ್ದರೆ ಮೊದಲು ಕ್ಯಾಮೆರಾ ಸಿದ್ಧವಾಗಲಿ, ಆಮೇಲೆ ಮೀನನ್ನು ನೀರಿನಿಂದ ಎತ್ತಿ. ನೀವೇ ಉಸಿರು ಬಿಗಿಹಿಡಿದು ಎತ್ತಿದರೆ ಎಷ್ಟು ಹೊತ್ತು ಸರಿ ಎಂಬುದು ತಿಳಿಯುತ್ತದೆ. ಬಿಡುವಾಗ ಹರಿವಿಗೆ ಮುಖ ಮಾಡಿ ಹಿಡಿದು, ಅದು ತಾನಾಗಿ ಜಾರಿ ಹೋಗುವವರೆಗೆ ಕಾಯಿರಿ.

ತಿನ್ನುವವರಿಗೆ ನನ್ನದೊಂದು ಕೋರಿಕೆ: ಬ್ರೂಕ್ ಟ್ರೌಟ್ ಬಿಡಿ, ರೇನ್‌ಬೋ ಇಟ್ಟುಕೊಳ್ಳಿ. ಕಾನೂನು ಎರಡಕ್ಕೂ ಅನುಮತಿ ಕೊಡುತ್ತದೆ, ಆದರೆ ಇಲ್ಲಿನ ಮೂಲದ ಮೀನಾದ ಬ್ರೂಕ್ ಈಗಷ್ಟೇ ಚೇತರಿಸಿಕೊಳ್ಳುತ್ತಿದೆ. ಎರಡು ರೇನ್‌ಬೋ ಒಬ್ಬರ ಊಟಕ್ಕೆ ಸಾಕು. ಮಾಂಸ ಬಹಳ ಮೃದು, ಹುಳಿ ಖಾರದ ಸಾರಿನಲ್ಲಿ ಕರಗಿಹೋಗುತ್ತದೆ. ಉಪ್ಪು, ಅರಿಸಿನ, ಸ್ವಲ್ಪ ಮೆಣಸಿನಪುಡಿ, ನಿಂಬೆರಸ ಸವರಿ ಕಾದ ಕಾವಲಿಯ ಮೇಲೆ ಹುರಿಯುವುದೇ ಒಳ್ಳೆಯದು.

ವಸಂತಕ್ಕೆ ಸಲ್ಲುವ ಇನ್ನೊಂದು ಎಚ್ಚರಿಕೆ. ಬ್ರೂಕ್ ಮತ್ತು ಬ್ರೌನ್ ಶರತ್ಕಾಲದಲ್ಲಿ ಮೊಟ್ಟೆಯಿಟ್ಟರೆ ರೇನ್‌ಬೋ ಮೊಟ್ಟೆಯಿಡುವುದು ವಸಂತದಲ್ಲಿ. ಹೆಣ್ಣು ಬಾಲದಿಂದ ಜಲ್ಲಿಯನ್ನು ಗುಡಿಸಿ ತಗ್ಗು ಮಾಡುತ್ತದೆ. ಸುತ್ತಲಿನ ಪಾಚಿ ಹಿಡಿದ ಕಲ್ಲುಗಳ ನಡುವೆ ತೊಳೆದಿಟ್ಟಂತೆ ತಿಳಿಬಣ್ಣದ ಜಲ್ಲಿಯ ತೇಪೆ ಕಂಡರೆ ಅದು ಮೊಟ್ಟೆಯ ಗೂಡು. ಅದರ ಮೇಲೆ ಕಾಲಿಡಬೇಡಿ, ಅಲ್ಲಿ ನಿಂತ ಮೀನಿಗೆ ಗಾಳ ಹಾಕಬೇಡಿ. ಮಕ್ಕಳು ತೊರೆಯ ಕಲ್ಲುಗಳನ್ನು ಜೋಡಿಸಿ ಕಟ್ಟೆ ಕಟ್ಟಲು ಹೋದರೆ ತಡೆಯಿರಿ. ಉದ್ಯಾನದಲ್ಲಿ ಅದು ನಿಷಿದ್ಧ. ಆ ಕಲ್ಲುಗಳ ಅಡಿಯಲ್ಲಿ ಹೆಲ್‌ಬೆಂಡರ್ ಎಂಬ ಎರಡಡಿ ಉದ್ದದವರೆಗೆ ಬೆಳೆಯುವ ಸಲಮಾಂಡರ್ ವಾಸಿಸುತ್ತದೆ, ಅಲ್ಲೇ ಮರಿ ಮಾಡುತ್ತದೆ.

ಜೀವ ಮೊದಲು

ಕಾಲು ಜಾರಿ ಸೆಳವಿಗೆ ಸಿಕ್ಕರೆ ಎದ್ದು ನಿಲ್ಲಲು ಒದ್ದಾಡಬೇಡಿ, ಕಲ್ಲುಗಳ ಸಂದಿಗೆ ಪಾದ ಸಿಕ್ಕಿಕೊಳ್ಳುತ್ತದೆ. ಅಂಗಾತ ಮಲಗಿ, ಪಾದಗಳನ್ನು ಹರಿವಿನ ದಿಕ್ಕಿಗೆ ಚಾಚಿ, ನೀರು ತೆಳುವಾದಲ್ಲಿ ದಡ ಹಿಡಿಯಿರಿ. ಗುಡುಗು ಕೇಳಿಸಿದ ಕೂಡಲೇ ಕೋಲು ಕೆಳಗಿಡಿ, ಅದರಲ್ಲಿರುವ ಗ್ರಾಫೈಟ್ ವಿದ್ಯುತ್ತಿನ ವಾಹಕ. ಬಿಸಿಲಿಗೆ ಕಾದ ಬಂಡೆಗೆ ಕೈಯೂರುವ ಮೊದಲು ನೋಡಿ, ಏಪ್ರಿಲ್‌ನಿಂದ ರ‍್ಯಾಟಲ್‌ಸ್ನೇಕ್ ಮತ್ತು ಕಾಪರ್‌ಹೆಡ್ ಹಾವುಗಳು ಹೊರಬರುತ್ತವೆ. ಕರಡಿ ಕಂಡರೆ ಐವತ್ತು ಗಜ ದೂರವಿರಿ, ಬುತ್ತಿಯನ್ನು ದಡದಲ್ಲಿ ಬಿಟ್ಟು ಹೋಗಬೇಡಿ.

ಅಣೆಕಟ್ಟಿನ ಕೆಳಗಿನ ನದಿಗಳ ಅಪಾಯ ಬೇರೆ ಬಗೆಯದು. ಅಟ್ಲಾಂಟಾದವರಿಗೆ ಹತ್ತಿರವಾದ, ಬ್ಯೂಫರ್ಡ್ ಅಣೆಕಟ್ಟಿನ ಕೆಳಗಿನ ಚಾಟಹೂಚೀಯಲ್ಲಿಯೂ ಟೆನೆಸ್ಸೀಯ ಸೌತ್ ಹೋಲ್ಸ್‌ಟನ್‌ನಲ್ಲಿಯೂ ನೀರು ಜಲಾಶಯದ ತಳದಿಂದ ಬರುವುದರಿಂದ ಬೇಸಿಗೆಯಲ್ಲೂ ತಣ್ಣಗಿರುತ್ತದೆ, ಮೀನು ದೊಡ್ಡದು. ಆದರೆ ವಿದ್ಯುತ್ತಿಗಾಗಿ ಗೇಟು ತೆರೆದರೆ ಮೊಣಕಾಲುದ್ದದ ನೀರು ನೋಡುತ್ತಿದ್ದಂತೆ ಎದೆಗೆ ಬರುತ್ತದೆ. ನೀರು ಬಿಡುವ ವೇಳಾಪಟ್ಟಿ ಪ್ರತಿದಿನ ಪ್ರಕಟವಾಗುತ್ತದೆ. ಅದನ್ನು ನೋಡದೆ ಇಳಿಯಲೇಬೇಡಿ. ಇಳಿದ ಮೇಲೆ ದಡದ ಒಂದು ಒಣಗಲ್ಲನ್ನು ಗುರುತಿಟ್ಟುಕೊಳ್ಳಿ. ಅದು ಒದ್ದೆಯಾದ ಕ್ಷಣ, ಮೀನು ಗಾಳದಲ್ಲಿದ್ದರೂ ಸರಿ, ಹೊರಗೆ ಬನ್ನಿ. ಸೈರನ್ ಕೇಳಿಸಿದರೂ ಅಷ್ಟೇ.

ಮನೆಗೆ ಬಂದ ಮೇಲೆ ಬೂಟು, ವೇಡರ್, ಬಲೆ ಎಲ್ಲದರ ಕೆಸರು ತೊಳೆದು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ. ಟ್ರೌಟ್ ಮರಿಗಳು ತಿರುಗಿ ತಿರುಗಿ ಈಜುವಂತೆ ಮಾಡುವ ವರ್ಲಿಂಗ್ ಎಂಬ ರೋಗ 2015ರಲ್ಲಿ ಉತ್ತರ ಕೆರೊಲಿನಾದಲ್ಲಿ ಕಾಣಿಸಿಕೊಂಡಿತು. ಅದರ ಬೀಜಾಣುಗಳು ಬೂಟಿನ ಕೆಸರಿನಲ್ಲೇ ಒಂದು ಹೊಳೆಯಿಂದ ಇನ್ನೊಂದಕ್ಕೆ ಸಾಗಬಲ್ಲವು. ಒಂದೇ ದಿನ ಎರಡು ಕಣಿವೆಗಳಿಗೆ ಹೋಗುವ ಯೋಚನೆಯಿದ್ದರೆ ಎರಡನೆಯ ಜೋಡಿ ಬೂಟು ಒಯ್ಯಿರಿ, ಇಲ್ಲವೇ ಮೊದಲನೆಯ ಕಣಿವೆಯಲ್ಲೇ ಸಂಜೆಯವರೆಗೆ ಉಳಿಯಿರಿ.